ಒಡಕು ಬ್ರೆಡ್ಡು

೧೧ ಜನವರಿ
ಅಂಗಡಿಯ ಹಿಂದಿನ ಕೋಣೆ, ಮಧ್ಯಾಹ್ನ

ನನ್ನ ಮುದ್ದಿನ ಬನ್ನು,

ಅಪ್ಪನ ಆಶೀರ್ವಾದಗಳು. ನಾವಿಬ್ಬರೂ ಚೆನ್ನಾಗಿದ್ದೇವೆ, ನೀನೂ ಚೆನ್ನಾಗಿರುವೆ ಎಂದು ನಂಬಿದ್ದೇನೆ ಎಂದು ಬರೆಯುವುದು ರೂಢಿ. ಆದರೆ ಚೆನ್ನಾಗಿಲ್ಲ ಎಂದು ನೀನೇ ಎರಡು ಕಾಗದ ಬರೆದ ಮೇಲೂ ಹಾಗೆ ಬರೆದರೆ ನಾನು ಅವುಗಳನ್ನು ಒಡೆದೇ ನೋಡಿಲ್ಲ ಎಂದುಕೊಳ್ಳುತ್ತೀಯ. ಒಡೆದು ನೋಡಿದೆ. ಒಂದೊಂದನ್ನೂ ಮೂರು ಸಲ ಓದಿದೆ. ಉತ್ತರ ತಡವಾದದ್ದಕ್ಕೆ ಮದುವೆ ಕೇಕುಗಳ ನೆಪ ಹೇಳಬಹುದಿತ್ತು. ನಿಜ ಏನೆಂದರೆ ನನಗೆ ಸಿಟ್ಟು ಬಂದಿತ್ತು.

ಫೋನಿನಲ್ಲಿ ಬೈದುಬಿಡಬಹುದಿತ್ತಲ್ಲ ಎನ್ನಬೇಡ. ಫೋನು ಹಿಡಿದರೆ ನಿನ್ನ ಅಮ್ಮ ಪಕ್ಕದಲ್ಲಿ ನಿಂತು ನನ್ನ ಅರ್ಧ ಮಾತನ್ನು ತಾನೇ ಆಡಿ ಮುಗಿಸುತ್ತಾಳೆ. ಎರಡನೇ ಸಲದ ಹಿಟ್ಟು ಉಬ್ಬಲು ನಲವತ್ತು ನಿಮಿಷ ಬೇಕು. ಮೂವತ್ತು ವರ್ಷದಿಂದ ದಿನಕ್ಕೆ ನನಗೆ ಸಿಕ್ಕಿರುವ ಬಿಡುವು ಅಷ್ಟೇ, ಅದರಲ್ಲೇ ಬರೆಯುತ್ತಿದ್ದೇನೆ. ಕಾಗದದ ಮೇಲೆ ಹಿಟ್ಟು ಮೆತ್ತಿದ್ದರೆ ಕೊಡವಿ ಓದು.

ಸಿಟ್ಟು ಯಾಕೆ ಬಂತು ಗೊತ್ತೇ? "ಇನ್ನು ಆರು ತಿಂಗಳು ಅನ್ನ ಇಲ್ಲ, ಸಕ್ಕರೆ ಇಲ್ಲ, ಬ್ರೆಡ್ಡು ಬನ್ನು ಮುಟ್ಟುವಂತಿಲ್ಲ, ಇದಕ್ಕೆ ಕೀಟೋ ಅಂತಾರೆ" ಎಂದು ಬರೆದಿದ್ದೆಯಲ್ಲ, ಆ ಸಾಲಿಗೆ. ಬ್ರೆಡ್ಡು ಮಾರಿ ನಿನ್ನನ್ನು ಸಾಕಿದ್ದೇನೆ. ಅದನ್ನೇ ವಿಷ ಎಂದು ಮಗಳು ಬರೆದರೆ ಯಾವ ಅಪ್ಪನಿಗೆ ಹಿಡಿಸುತ್ತದೆ? ನೀನು ವಿಷ ಎಂದು ಬರೆದಿರಲಿಲ್ಲ. ನಾನು ಹಾಗೆ ಓದಿಕೊಂಡೆ. ಕಾಗದವನ್ನು ಅಮ್ಮನ ಮುಂದೆ ಎಸೆದು, "ನೋಡು ನಿನ್ನ ಮಗಳ ಹೊಸ ಶೋಕಿ" ಎಂದೆ. ಅವಳು ಪೂರ್ತಿ ಓದಿದಳು. ಕನ್ನಡಕ ತೆಗೆದಳು. "ರೀ, ನೀವು ಬೇಯ್ಸೋ ಬ್ರೆಡ್ಡು ದೊಡ್ಡದೋ, ನಾನು ಹೆತ್ತ ಮಗಳು ದೊಡ್ಡೋಳೋ? ಇವತ್ತೇ ಇತ್ಯರ್ಥ ಮಾಡ್ಕೊಂಡು ಊಟಕ್ಕೆ ಬನ್ನಿ" ಎಂದು ಒಳಗೆ ಹೋದಳು. ಆ ದಿನ ಊಟಕ್ಕೆ ತಡವಾಗಿ ಹೋದೆ.

ಆಮೇಲೆ ಮೂರನೇ ಸಲ ಓದಿದಾಗ ಸ್ವಲ್ಪ ಅರ್ಥವಾಯಿತು. ಮೈಯಲ್ಲಿ ಇನ್ಸುಲಿನ್ ಇದ್ದರೂ ಮೈ ಅದರ ಮಾತು ಕೇಳುವುದಿಲ್ಲ, ಕೇಳುವುದಿಲ್ಲವೆಂದು ಮೈ ಇನ್ನಷ್ಟು ಸುರಿಸುತ್ತದೆ, ಅದರಿಂದ ತೂಕ ಏರುತ್ತದೆ, ಅಂಡಾಶಯದ ಲೆಕ್ಕ ತಪ್ಪುತ್ತದೆ, ಗಲ್ಲದ ಮೇಲೆ ಕೂದಲು ಬರುತ್ತದೆ, ಏಳು ತಿಂಗಳಿಂದ ಆ ವಿಷಯ ಆಗಿಲ್ಲ. ಅಂಗಡಿಯ ಒಲೆ ನೋಡಿಕೊಳ್ಳುವ ನಮ್ಮ ಭಟ್ಟಿ ಮಾವನಿಗೆ ಎಡಗಿವಿ ಕೇಳಿಸದೆ ನಾನು ದಿನವೂ ಕೂಗಾಡುವ ಹಾಗೆ ಎಂದುಕೊಂಡೆ. ತಪ್ಪಿದ್ದರೆ ತಿದ್ದು. ಇಷ್ಟು ವರ್ಷ ನೀನು ಹೋದ ಡಾಕ್ಟರುಗಳೆಲ್ಲ "ಮೊದಲು ತೂಕ ಇಳಿಸಿಕೊಂಡು ಬಾ" ಎಂದು ಕಳಿಸಿದರಂತೆ, ಯಾಕೆ ಏರಿತು ಎಂದು ಒಬ್ಬರೂ ಕೇಳಲಿಲ್ಲವಂತೆ. ನಾನೂ ಕೇಳಿರಲಿಲ್ಲ. ಡಾಕ್ಟರನ್ನೇನು ಬೈಯಲಿ.

ಬಂದರಿನ ವಿಷಯ ಓದಿದಾಗ ಮಾತ್ರ ಎದ್ದು ಓಡಾಡಿದೆ. ನಾಲ್ಕು ವರ್ಷ ಕ್ರೇನಿನ ತುದಿಯಲ್ಲಿ ಕೂತು ಹಡಗಿನಿಂದ ಕಂಟೇನರು ಇಳಿಸಿದ ನನ್ನ ಮಗಳನ್ನು ಕೆಳಗೆ ಗೇಟಿನಲ್ಲಿ ನಂಬರು ಬರೆಯಲು ಕೂರಿಸಿದ್ದಾರೆ. ಏಣಿ ಹತ್ತುವಾಗ ಸೊಂಟಕ್ಕೆ ಕಟ್ಟುವ ಬೆಲ್ಟಿನ ಮೇಲೆ ನೂರು ಕೆಜಿ ಎಂದು ಅಚ್ಚು ಹಾಕಿದೆ. ಬೂಟು, ಹೆಲ್ಮೆಟ್ಟು, ಸಲಕರಣೆ ಐದು ಕೆಜಿ ಕಳೆದರೆ ನೀನು ತೊಂಬತ್ತೈದರ ಒಳಗಿರಬೇಕು. ಈಗ ನೂರ ಒಂಬತ್ತು. ಜುಲೈನಲ್ಲಿ ಮತ್ತೆ ತಪಾಸಣೆ, ಅಲ್ಲಿಯವರೆಗೆ ನಿನ್ನ ಜಾಗಕ್ಕೆ ಬೇರೆ ಯಾರನ್ನೂ ಹಾಕುವುದಿಲ್ಲ, ಆಮೇಲೆ ಹೇಳಲಾಗದು. ಸರಿಯಾಗಿ ತಿಳಿದುಕೊಂಡಿದ್ದೇನೆ ತಾನೆ? ನೂರ ಅರವತ್ತೆಂಟು ಮೆಟ್ಟಿಲು ಎಂದು ನೀನು ಮೊದಲ ಸಲ ಹೇಳಿದಾಗ ಇಡೀ ಬೀದಿಗೆ ಹೇಳಿಕೊಂಡು ತಿರುಗಿದವನು ನಾನು. ಆ ಮೆಟ್ಟಿಲು ನಿನ್ನದು. ಅದನ್ನು ಬಿಡಬೇಡ.

ಅಲ್ಲಿಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿಯೇ ಇದಕ್ಕೆ ಒಪ್ಪಿದ್ದು, ಊಟದ ಪಟ್ಟಿ ನೋಡಲು ಬೇರೆ ಮೇಡಂ ಇರುವುದು, ತಿಂಗಳಿಗೊಮ್ಮೆ ತೋರಿಸಬೇಕು ಎಂದಿರುವುದು ಓದಿ ಅಮ್ಮನಿಗೆ ಸಮಾಧಾನವಾಯಿತು. ಮೊದಲ ವಾರ ತಲೆನೋವು ಬಂದು ಉಪ್ಪುನೀರು ಕುಡಿದು ಮಲಗಿದ್ದೆಯಂತೆ. ಒಬ್ಬಳೇ. ನಮಗೆ ಒಂದು ಮಾತು ಹೇಳಬಾರದಿತ್ತೇ ಎಂದು ಬರೆಯಲು ಹೊರಟೆ. ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ನೆನೆದು ನಿಲ್ಲಿಸಿದೆ.

ಒಂದು ಹೇಳುತ್ತೇನೆ. ನೀನು ಮೊದಲಿಂದಲೂ ಬ್ರೆಡ್ಡು ಬನ್ನಿಗೆ ಬಿದ್ದವಳಲ್ಲ. ಹನ್ನೆರಡು ವರ್ಷವಾದ ಮೇಲೆ ಅಂಗಡಿಯಲ್ಲಿ ನಿಂತು ಒಂದು ಬನ್ನನ್ನೂ ತಿಂದವಳಲ್ಲ. ಮನೆಗೆ ತಂದರೆ ಅಮ್ಮನ ಎದುರಿಗೆ ಕೂತು ತಿನ್ನುತ್ತಿದ್ದೆ, ಅದೂ ಒಂದೇ. ಆದರೂ ಈ ತೂಕ. ಹಾಗಾದರೆ ತಪ್ಪು ನನ್ನ ಬ್ರೆಡ್ಡಿನದಲ್ಲ ಎಂದು ಒಂದು ಗಳಿಗೆ ಖುಷಿಪಟ್ಟೆ. ಅಪ್ಪನ ಬುದ್ಧಿ ಇಷ್ಟೇ.

ಇತ್ಯರ್ಥ ಆಗಿದೆ. ಮಗಳು ದೊಡ್ಡವಳು. ಆದರೆ ಬ್ರೆಡ್ಡೂ ಚಿಕ್ಕದಲ್ಲ. ಬಾದಾಮಿ ಪುಡಿ, ಮೊಟ್ಟೆ, ಬೆಣ್ಣೆ, ಇಸಬ್‌ಗೋಲ್ ಹೊಟ್ಟು, ಇಷ್ಟರಲ್ಲಿ ನಿನಗಾಗಿ ಒಂದು ಬ್ರೆಡ್ಡು ಮಾಡುತ್ತೇನೆ. ಮೈದಾ ಇಲ್ಲದೆ ಬ್ರೆಡ್ಡು ಮಾಡುವವನು ಬೇಕರಿಯವನೇ ಅಲ್ಲ ಎಂದು ನನ್ನ ಗುರುಗಳು ಹೇಳುತ್ತಿದ್ದರು. ಅವರಿಗೆ ಮಗಳಿರಲಿಲ್ಲ.

ಹಿಟ್ಟು ಉಬ್ಬಿ ಅಂಚಿಗೆ ಬಂದಿದೆ. ಮೈ ಜೋಪಾನ.

ನಿನ್ನ ಅಪ್ಪ

೮ ಫೆಬ್ರವರಿ
ಅಂಗಡಿ

ಬನ್ನು,

ಈ ಸಲ ತಡ ಮಾಡಿಲ್ಲ, ಆದ್ದರಿಂದ ಕ್ಷಮೆಯೂ ಇಲ್ಲ. ಐದು ಕೆಜಿ ಇಳಿದೆ ಎಂದು ನೀನು ಬರೆದದ್ದನ್ನು ಭಟ್ಟಿ ಮಾವನ ಬಲಗಿವಿಯಲ್ಲಿ ಹೇಳಿದೆ. ಅವನು ಐದು ಕೆಜಿ ಹಿಟ್ಟಿನ ಚೀಲ ಎತ್ತಿ ತೋಳಿನ ಮೇಲಿಟ್ಟುಕೊಂಡು, "ಇಷ್ಟನ್ನ ಹೊತ್ಕೊಂಡು ಹುಡುಗಿ ಏಣಿ ಹತ್ತಿದ್ಳಾ?" ಎಂದ. ಆಮೇಲೆ ಎಷ್ಟೋ ಹೊತ್ತು ಅದನ್ನು ಕೆಳಗಿಡಲಿಲ್ಲ.

ಈಗ ನನ್ನ ಸುದ್ದಿ. ಮೊದಲ ಬ್ರೆಡ್ಡು ಮೊಟ್ಟೆಯ ವಾಸನೆ ಹೊಡೆದು ಅಮ್ಮನ ಪಾಲಾಯಿತು, ಅವಳು ಬೆಕ್ಕಿನ ಪಾಲು ಮಾಡಿದಳು. ಎರಡನೆಯದು ಅಚ್ಚಿನಿಂದ ಹೊರಗೆ ಬರಲೇ ಇಲ್ಲ. ಮೂರು, ನಾಲ್ಕು, ಐದು ನಡುವಿನಲ್ಲಿ ಬಿರುಕು ಬಿಟ್ಟು ಎರಡಾದವು. ಆರನೆಯದನ್ನು ಕೊಯ್ಯಲು ಚಾಕು ಇಟ್ಟೆ, ಪುಡಿಪುಡಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಬಾದಾಮಿ ಸರಿಯಿಲ್ಲ ಎಂದೆ, ಅಚ್ಚು ಹಳೆಯದು ಎಂದೆ, ಭಟ್ಟಿಯ ಶಾಖ ಎಂದೆ. ಭಟ್ಟಿ ಮಾವ ಶಾಖದ ಮಾತು ಬಂದಾಗ ಮಾತ್ರ ಕಿವಿ ಕೇಳಿಸಿಕೊಂಡು ಒಂದು ದಿನ ಮಾತು ಬಿಟ್ಟ.

ಏಳನೆಯದು ಬಂತು. ಎಂಥ ಬ್ರೆಡ್ಡು ಅಂತೀಯ. ಮೇಲೆ ಬಂಗಾರದ ಬಣ್ಣ, ಕೊಯ್ದರೆ ಹನ್ನೆರಡು ಹೋಳು, ಒಂದೂ ಉದುರುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗಬೇಡ, ಅಂಗಡಿಗೆ ಬಂದ ಮೇಷ್ಟ್ರು ಮಾಮೂಲಿ ಬ್ರೆಡ್ಡು ಎಂದುಕೊಂಡು ಕೇಳಿದರು. ಕೊಡಲಿಲ್ಲ. ಹೇಗೆ ಬಂತು ಎಂದು ಕೇಳಬೇಡ, ಒಂದು ಗುಟ್ಟಿದೆ. ಕಸುಬಿನ ಗುಟ್ಟು ಮಗಳಿಗೂ ಹೇಳುವಂತಿಲ್ಲ.

ಪ್ರತಿ ಸೋಮವಾರ ಬೆಳಗಿನ ಬಸ್ಸಿನಲ್ಲಿ ಒಂದು ಡಬ್ಬ ಬರುತ್ತದೆ. ಎಂಟು ತಾಸಿನ ದಾರಿ, ಸಂಜೆಗೆ ಇಳಿಸಿಕೋ. ದಿನಕ್ಕೆ ಎರಡು ಹೋಳು ಎಂದು ಮೇಡಂ ಪಟ್ಟಿಯಲ್ಲಿ ಬರೆಸಿಕೋ. ಎಲ್ಲಿಯದು ಎಂದು ಕೇಳಿದರೆ ನಮ್ಮಪ್ಪನದು ಎಂದು ಹೇಳು.

ಮತ್ತೆ, ನೀನು ಹಾಸ್ಯ ಮಾಡಿದ್ದು ಓದಿದೆ. "ಅಪ್ಪ, ಮುಟ್ಟು ಅಂತ ಬರೆದ್ರೆ ಪೆನ್ನು ಮುರಿಯಲ್ಲ" ಎಂದಿದ್ದೀಯ. ಮುರಿಯುವುದಿಲ್ಲ, ಗೊತ್ತು. ಅಭ್ಯಾಸವಿಲ್ಲ.

ಹೆಮ್ಮೆಯಿಂದ,
ನಿನ್ನ ಅಪ್ಪ

೨ ಏಪ್ರಿಲ್
ಮನೆಯಲ್ಲಿ, ಅಂಗಡಿಗೆ ಇಂದು ಹೋಗಿಲ್ಲ

ಮಗಳೇ,

ನಿನ್ನ ಕಾಗದ ನಿನ್ನೆ ಬಂತು. ಭಟ್ಟಿಯ ಬಾಗಿಲ ಮುಂದೆ ನಿಂತು ಓದಿದೆ. ಓದಿ ಮುಗಿಯುವ ಹೊತ್ತಿಗೆ ಒಳಗಿದ್ದ ರಸ್ಕು ಹೊತ್ತಿ ಹೋಗಿತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ.

ನೀನು ದೂರು ಹೇಳಲು ಬರೆದದ್ದಲ್ಲ, ನನಗೆ ಗೊತ್ತು. ನಡೆದದ್ದನ್ನು ನಡೆದ ಹಾಗೆ ಬರೆದೆ. ಏಳು ವಾರದಿಂದ ತೂಕ ಇಳಿದಿಲ್ಲ, ಒಂದು ಕೆಜಿ ಏರಿದೆ. ಪಥ್ಯ ಮೈಗೆ ಹಿಡಿದಿದೆಯೇ ಎಂದು ಬೆಳಗ್ಗೆ ಮೂತ್ರಕ್ಕೆ ಅದ್ದಿ ನೋಡುವ ಪಟ್ಟಿ ನೇರಳೆ ಬಣ್ಣಕ್ಕೆ ತಿರುಗಬೇಕಾದದ್ದು ಬಿಳಿಚಿಕೊಂಡೇ ಇರುತ್ತದೆ. ಮೇಡಂ ನೀನು ದಿನದ ಊಟ ಬರೆದಿಡುವ ಪುಸ್ತಕ ಮುಚ್ಚಿಟ್ಟು, "ಕದ್ದು ತಿನ್ನೋರನ್ನ ನಾನು ದಿನಾ ನೋಡ್ತೀನಿ. ನಿಜ ಹೇಳಿದ್ರೆ ನಿಮಗೇ ಒಳ್ಳೇದು" ಎಂದರು. ನೀನು ಪುಸ್ತಕ ಮತ್ತೆ ತೆರೆದು, ಬರೆದ ಒಂದೊಂದು ಸಾಲನ್ನೂ ಓದಿ ಹೇಳಿದೆ. ಮೊಟ್ಟೆ, ಸೊಪ್ಪು, ಮೀನು, ಅಪ್ಪನ ಬ್ರೆಡ್ಡು ಎರಡು ಹೋಳು. ಅವರು, "ಈ ಬ್ರೆಡ್ಡಲ್ಲಿ ಏನೇನಿದೆ?" ಎಂದು ಕೇಳಿದರು. ನೀನು ಹೇಳಿದ್ದು: "ಅದನ್ನ ಬಿಡಿ ಮೇಡಂ. ನಮ್ಮಪ್ಪ ಮಾಡಿದ್ದು. ಅದ್ರಲ್ಲಿ ಮೋಸ ಇರಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವರು ನಿನ್ನನ್ನು ಕಳ್ಳಿ ಎಂದರು, ಎಂಟು ತಾಸು ದೂರದಲ್ಲಿ ಹೆಗಲು ಮುಟ್ಟಿಕೊಂಡವನು ನಾನು.

ಅದರಲ್ಲಿ ಮೋಸ ಇದೆ ಮಗಳೇ. ಕಸುಬಿನ ಗುಟ್ಟು ಎಂದು ಮೀಸೆ ತಿರುವಿದ್ದೆನಲ್ಲ, ಅದು ಮೈದಾ. ಆರನೆಯ ಬ್ರೆಡ್ಡು ಪುಡಿಯಾದಾಗ ನನಗೆ ತಡೆಯಲಾಗಲಿಲ್ಲ. ಒಡೆದ ಬ್ರೆಡ್ಡನ್ನು ನನ್ನ ಹೆಸರಿನಲ್ಲಿ ಕಳಿಸುವುದೇ? ಅಲ್ಲಿಯವರು ನೋಡಿ ನಿಮ್ಮಪ್ಪನಿಗೆ ಬ್ರೆಡ್ಡು ಮಾಡಲು ಬರುವುದಿಲ್ಲವೇ ಎಂದರೆ? ಒಂದು ಹಿಡಿ ಮೈದಾ ಹಾಕಿದೆ, ಮೆತ್ತಿಕೊಳ್ಳಲಿ ಎಂದು. ಸಾಲಲಿಲ್ಲ. ಇನ್ನೊಂದು, ಮತ್ತೊಂದು. ಭಟ್ಟಿ ಮಾವ ನೋಡಿದ. "ಬಾದಾಮಿ ಬ್ರೆಡ್ಡಿಗೆ ಮೈದಾನಾ?" ಎಂದ. "ಮೂರು ಹಿಡಿ ಅಷ್ಟೇ ಮಾರಾಯ" ಎಂದೆ. "ಹಿಡಿ ಯಾರ್ದು, ನಿಂದೋ ಮಗೂದೋ?" ಎಂದ. ನನ್ನ ಕೈ ಎಷ್ಟು ದೊಡ್ಡದು ಎಂದು ನಿನಗೆ ಗೊತ್ತು. ಈ ಸಲ ಕಿವುಡನಾದವನು ನಾನು, ಕಲಸುತ್ತಾ ಹೋದೆ.

ನಿನಗೆ ದಿನಕ್ಕೆ ಇಪ್ಪತ್ತೈದು ಗ್ರಾಂ ಪಿಷ್ಟ ಎಂದು ಕಟ್ಟುಪಾಡು. ನಿನ್ನೆ ಅಮ್ಮ ತಕ್ಕಡಿ ತಂದು ನನ್ನ ಮೂರು ಹಿಡಿ ತೂಗಿಸಿ, ಪೊಟ್ಟಣದ ಮೇಲಿನ ಅಕ್ಷರ ನೋಡಿ, ಹನ್ನೆರಡು ಹೋಳಿಗೆ ಭಾಗಿಸಿದಳು. ಎರಡು ಹೋಳಿಗೆ ಸರಿಯಾಗಿ ಇಪ್ಪತ್ತೈದು. ನಿನ್ನ ಇಡೀ ದಿನದ ಪಾಲನ್ನು ನಾನು ಬೆಳಗಿನ ತಿಂಡಿಗೇ ಮುಗಿಸಿ ಕಳಿಸುತ್ತಿದ್ದೆ. ಏಳು ವಾರ. ಉಳಿದ ಊಟವನ್ನೆಲ್ಲ ನೀನು ಗ್ರಾಂ ಲೆಕ್ಕದಲ್ಲಿ ತೂಗಿ ತಿನ್ನುತ್ತಿದ್ದೆ. ಅಮ್ಮ ನನ್ನನ್ನು ಬೈಯಲಿಲ್ಲ. ತಕ್ಕಡಿಯನ್ನು ಒರೆಸಿ ಒಳಗಿಟ್ಟಳು. "ಅವಳು ನಿಮ್ಮನ್ನ ಬಿಟ್ಟುಕೊಡಲಿಲ್ಲ ನೋಡಿ" ಎಂದಳು, ಅಷ್ಟೇ.

ಉಪ್ಪು ತಿಂದವನು ನೀರು ಕುಡಿಯಲೇಬೇಕು. ನಿಮ್ಮ ಮೇಡಂಗೆ ಒಂದು ಕಾಗದ ಬರೆದಿದ್ದೇನೆ, ಇದರ ಜೊತೆಯಲ್ಲೇ ಇದೆ. "ಅಮ್ಮಾ, ಕದ್ದದ್ದು ನನ್ನ ಮಗಳಲ್ಲ, ನಾನು. ಏನು ಕದ್ದೆ ಎಂಬುದು ಕೆಳಗಿದೆ" ಎಂದು ಬರೆದು ಅಳತೆಯೆಲ್ಲ ಕೊಟ್ಟಿದ್ದೇನೆ. ನೀನೇ ಕೈಯಾರೆ ಕೊಡು. ಓದುವಾಗ ಅವರ ಎದುರಿಗೇ ಕೂತಿರು, ತಲೆ ಎತ್ತಿ ಕೂತಿರು.

ಡಬ್ಬದಲ್ಲಿ ಈ ಸಲ ಬಂದಿರುವುದು ಪುಡಿ. ಬಾದಾಮಿ, ಮೊಟ್ಟೆ, ಬೆಣ್ಣೆ, ಹೊಟ್ಟು, ಉಪ್ಪು, ಮತ್ತೇನೂ ಇಲ್ಲ. ಕಲಸುವ ಮುಂಚೆ ಹಲಗೆ ತೊಳೆದೆ, ಕೈ ತೊಳೆದೆ. ಹಲಗೆ ಕಂಡರೆ ಕೈ ತಾನಾಗಿ ಮೈದಾ ಉದುರಿಸುತ್ತದೆ, ಅದಕ್ಕೆ ಅಮ್ಮನನ್ನು ಕಾವಲಿಗೆ ನಿಲ್ಲಿಸಿಕೊಂಡೆ. ಹೋಳು ಮಾಡಲು ಬರುವುದಿಲ್ಲ, ಚಮಚ ಹಾಕಿ ಕಳಿಸಿದ್ದೇನೆ. ನೋಡಲು ಚೆನ್ನಾಗಿಲ್ಲ. ಆದರೆ ನಿಜವಾದದ್ದು.

ನಿನಗೆ ಮೂರೂವರೆ ತಿಂಗಳು ಉಳಿದಿದೆ, ಹತ್ತು ಕೆಜಿ ಉಳಿದಿದೆ. ಕಳೆದು ಹೋದ ಏಳು ವಾರವನ್ನು ತಿಂದವನು ನಾನು. ಇದನ್ನು ಬರೆಯುವಾಗಲೂ ನನ್ನ ಮಗಳು ಒಬ್ಬರೆದುರು ಪುಸ್ತಕ ತೆರೆದು ಸಾಲು ಸಾಲಾಗಿ ಓದಿ ಹೇಳಿದಳಲ್ಲ ಎಂದು ಎದೆ ಉಬ್ಬುತ್ತಿದೆ. ನಾಚಿಕೆಯೂ ಹೆಮ್ಮೆಯೂ ಒಟ್ಟಿಗೇ ಬಂದರೆ ಮನುಷ್ಯ ಎಲ್ಲಿ ನೋಡಬೇಕು ಎಂದು ತಿಳಿಯುವುದಿಲ್ಲ.

ತಪ್ಪು ಒಪ್ಪಿಕೊಂಡಿರುವ,
ಅಪ್ಪ

೬ ಆಗಸ್ಟ್
ಅಂಗಡಿಯ ಹಿಂದಿನ ಕೋಣೆ

ಪ್ರೀತಿಯ ಮಗಳಿಗೆ,

ಅಪ್ಪನ ತುಂಬು ಹೃದಯದ ಆಶೀರ್ವಾದ. ನಿನ್ನನ್ನು ನೋಡಿ ಬಂದು ಮೂರು ವಾರವಾಯಿತು, ತಲುಪಿದೆವು ಎಂದು ಅಮ್ಮ ಫೋನು ಮಾಡಿದ್ದು ಬಿಟ್ಟರೆ ನನ್ನಿಂದ ಸುದ್ದಿಯಿಲ್ಲ. ಕ್ಷಮಿಸು. ದಿನವೂ ಹಿಟ್ಟು ಉಬ್ಬುವ ಹೊತ್ತಿಗೆ ಕಾಗದ ಪೆನ್ನು ಹಿಡಿದು ಕೂರುತ್ತಿದ್ದೆ. ತಡವಾದದ್ದಕ್ಕೆ ಕಾರಣ ಬೇರೆ, ಅದನ್ನು ಕೊನೆಯಲ್ಲಿ ಬರೆಯುತ್ತೇನೆ.

ಮೊದಲು ಖುಷಿಯ ಮಾತು. ತೊಂಬತ್ತನಾಲ್ಕು ಕೆಜಿ ಮುನ್ನೂರು ಗ್ರಾಂ. ಈ ಅಂಕೆಯನ್ನು ಭಟ್ಟಿಯ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೆ. ಅಮ್ಮ ನೋಡಿ, "ಹೆಣ್ಣುಮಗಳ ತೂಕ ಊರಿಗೆಲ್ಲ ಸಾರ್ತೀರಾ? ಬುದ್ಧಿ ಎಲ್ಲಿಟ್ಟಿದ್ದೀರಿ?" ಎಂದು ಒರೆಸಿದಳು. ಅವಳು ಹೇಳಿದ್ದು ಸರಿ. ಅದರ ಬದಲು ಈಗ ೧೬೮ ಎಂದು ಬರೆದಿದ್ದೇನೆ. ಯಾರಾದರೂ ಕೇಳಿದರೆ ಮೆಟ್ಟಿಲು ಎನ್ನುತ್ತೇನೆ.

ಆ ದಿನ ನೀನು ನಮ್ಮನ್ನು ಬಂದರಿನ ಬೇಲಿಯ ಹೊರಗೆ ನಿಲ್ಲಿಸಿ ಒಳಗೆ ಹೋದೆಯಲ್ಲ, ಆಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ನೀನು ಬೆಲ್ಟು ಕಟ್ಟಿಕೊಳ್ಳುವುದು ಕಾಣಿಸಿತು. ಕೊಂಡಿಯನ್ನು ಎರಡು ಸಲ ಎಳೆದು ನೋಡಿದೆ. ಏಣಿಗೆ ಕಾಲಿಟ್ಟಾಗ ನಾನು ಎಣಿಸಲು ಶುರು ಮಾಡಿದೆ. ನಲವತ್ತಕ್ಕೆ ಅಮ್ಮ ನನ್ನ ತೋಳು ಹಿಡಿದಳು. ತೊಂಬತ್ತಕ್ಕೆ ನೀನು ನಿಂತೆ. ನಾನು ಬೇಲಿಯ ತಂತಿ ಹಿಡಿದುಕೊಂಡೆ. ಗೇಟಿನ ಕಾವಲಿನವನು, "ಏನಿಲ್ಲ ಯಜಮಾನ್ರೇ, ಅಲ್ಲಿ ಎಲ್ರೂ ನಿಲ್ತಾರೆ, ಅಲ್ಲಿಂದ ಸಮುದ್ರ ಕಾಣುತ್ತೆ" ಎಂದ. ಸಮುದ್ರ ನೋಡಲು ನಿಂತದ್ದೇ? ಆಮೇಲೆ ಕ್ಯಾಬಿನ್ನಿನ ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಅಷ್ಟು ದೊಡ್ಡ ಕಂಟೇನರು ಹಡಗಿನಿಂದ ಎದ್ದು, ತೊಟ್ಟಿಲಲ್ಲಿದ್ದಂತೆ ಮೆಲ್ಲಗೆ ಬಂದು, ಲಾರಿಯ ಮೇಲೆ ಸದ್ದಿಲ್ಲದೆ ಕೂತಿತು. "ಅದನ್ನ ಮಾಡಿದ್ದು ನನ್ನ ಮಗಳು" ಎಂದು ಕಾವಲಿನವನಿಗೆ ಹೇಳಿದೆ. ಲಾರಿಯವನಿಗೆ ಹೇಳಿದೆ. ವಾಪಸು ಬರುವಾಗ ಕಂಡಕ್ಟರನಿಗೆ ಎರಡು ಸಲ ಹೇಳಿದೆ. ಅಮ್ಮ, "ಇನ್ನು ಡ್ರೈವರ್ ಒಬ್ರೇ ಬಾಕಿ" ಎಂದಳು. ಊಟಕ್ಕೆ ಬಸ್ಸು ನಿಂತಾಗ ಅವರಿಗೂ ಹೇಳಿದೆ.

ನಿಮ್ಮ ಮೇಡಂ ನನ್ನನ್ನು ಕೂರಿಸಿಕೊಂಡು ಹೇಳಿದ್ದೆಲ್ಲ ನೆನಪಿದೆ. ರೋಗ ಓಡಿ ಹೋಗಿಲ್ಲ, ಸುಮ್ಮನೆ ಕೂತಿದೆ. ಸಕ್ಕರೆಯ ಅಂಕೆ ಗಡಿಯಿಂದ ಈಚೆಗೆ ಬಂದಿದೆ, ಕೊಬ್ಬಿನ ಅಂಕೆ ಸ್ವಲ್ಪ ಏರಿದೆ, ಆದ್ದರಿಂದ ಬೆಣ್ಣೆ ಕಡಿಮೆ. ಇದೇ ಪಥ್ಯವನ್ನು ಜೀವನಪೂರ್ತಿ ಹಿಡಿಯುವುದಲ್ಲ, ಕಾಳು ಹಣ್ಣು ಒಂದೊಂದಾಗಿ ಸೇರಿಸಿ ನೋಡುವುದು, ಎಲ್ಲರ ಮೈಗೂ ಇದು ಒಗ್ಗುವುದೂ ಇಲ್ಲ. ಅವರು ನಿನ್ನಲ್ಲಿ ಕ್ಷಮೆ ಕೇಳಿದರು ಎಂದು ತಾವೇ ಹೇಳಿದರು. "ನಿಮ್ಮ ಕಾಗದ ಓದಿದ ಮೇಲೆ ನಾನು ಯಾರಿಗೂ ಕದ್ದು ಅನ್ನೋ ಮಾತು ಆಡಿಲ್ಲ" ಎಂದರು. ದೊಡ್ಡ ಮನಸ್ಸು. ನೀನು ಮಾತ್ರ ನನ್ನ ತಪ್ಪೊಪ್ಪಿಗೆಗೆ ಒಂದೇ ಸಾಲು ಬರೆದಿದ್ದೆ: "ಪುಡಿ ಬ್ರೆಡ್ಡು ಬಂತು, ಚಮಚದಲ್ಲಿ ತಿಂದೆ, ಚೆನ್ನಾಗಿದೆ." ಆ ಕಾಗದ ಅಂಗಿಯ ಜೇಬಿನಲ್ಲೇ ಇದೆ, ಮೂರು ಸಲ ಒಗೆತಕ್ಕೆ ಹೋಗಿ ಬಂದಿದೆ.

ಅಂಗಡಿಯ ಸುದ್ದಿ ಹೇಳಿದರೆ ನಗುತ್ತೀಯ. ಒಡಕು ಬ್ರೆಡ್ಡು ಎಂದು ಬೋರ್ಡು ಹಾಕಿದ್ದೇನೆ. ಮೊದಲು ನಮ್ಮ ಬೀದಿಯ ದರ್ಜಿಯಮ್ಮ ಬಂದು ಮೆಲ್ಲಗೆ, "ನಿಮ್ಮ ಮಗಳಿಗೆ ಮಾಡ್ತೀರಂತಲ್ಲ, ನನ್ನ ಸೊಸೆಗೂ ಅದೇ ತೊಂದರೆ" ಎಂದರು. ಡಾಕ್ಟರಿಗೆ ತೋರಿಸಿದ್ದೀರಾ ಎಂದು ಕೇಳಿ, ತೋರಿಸಿದ ಮೇಲೆ ಕೊಟ್ಟೆ. ಈಗ ವಾರಕ್ಕೆ ಹನ್ನೊಂದು ಜನ. ಒಬ್ಬೊಬ್ಬರೂ ಸುತ್ತ ಯಾರಿಲ್ಲವೆಂದು ನೋಡಿಕೊಂಡು ಕೇಳುತ್ತಾರೆ. ನಾನು ಗಟ್ಟಿಯಾಗಿ, ಎಲ್ಲರೆದುರೇ ಕೊಡುತ್ತೇನೆ. ಬ್ರೆಡ್ಡು ಇವತ್ತಿಗೂ ಒಡೆಯುತ್ತದೆ. ಒಡೆದರೆ ಒಡೆಯಲಿ.

ಇನ್ನೊಂದು. ಮೇ ತಿಂಗಳಲ್ಲೂ, ಜೂನಿನಲ್ಲೂ, ಜುಲೈನಲ್ಲೂ ನಿನಗೆ ಮುಟ್ಟಾಯಿತು ಎಂದು ಅಮ್ಮ ಹೇಳಿದಳು. ಮುಟ್ಟು. ನೋಡು, ಬರೆದೆ. ಪೆನ್ನು ಮುರಿಯಲಿಲ್ಲ.

ಎತ್ತರದಲ್ಲಿ ಕೂತವಳು ಕೆಳಗಿನವರನ್ನು ಜೋಪಾನವಾಗಿ ನೋಡಿಕೋ. ನಿನ್ನ ಬೆಲ್ಟಿನ ಕೊಂಡಿ ಗಟ್ಟಿಯಾಗಿರಲಿ, ಮನಸ್ಸು ಹಗುರಾಗಿರಲಿ.

ನಿನ್ನ ಹೆಸರು ಹೇಳಿಕೊಂಡು ತಿರುಗುವ,
ನಿನ್ನ ಅಪ್ಪ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಕೊನೆಗೆ ಉಳಿಸಿಕೊಂಡದ್ದು: ಇನ್ನು ನಿನ್ನನ್ನು ಬನ್ನು ಎಂದು ಕರೆಯುವುದಿಲ್ಲ. ಯಾಕೆಂದು ಹೇಳುತ್ತೇನೆ. ನಿನಗೆ ಹನ್ನೆರಡು ವರ್ಷ. ಆಸ್ಪತ್ರೆಗೆ ಕಳಿಸಬೇಕಿದ್ದ ಬನ್ನಿನಲ್ಲಿ ಒಂದು ಟ್ರೇ ಇರಲಿಲ್ಲ, ಹನ್ನೆರಡು ಬನ್ನು. ನೀನು ಶಾಲೆಯಿಂದ ಅಂಗಡಿಗೆ ಬಂದೆ. ಗಿರಾಕಿಗಳ ಎದುರಿಗೆ ನಿನ್ನ ಚೀಲ ಬಿಚ್ಚಿಸಿದೆ. ಪುಸ್ತಕ ಇತ್ತು, ಕಂಪಾಸು ಪೆಟ್ಟಿಗೆ ಇತ್ತು. ಅಷ್ಟಕ್ಕೆ ಬಿಡಲಿಲ್ಲ. "ಚೀಲದಲ್ಲಿ ಯಾಕೆ ಹುಡುಕ್ಬೇಕು, ಹೊಟ್ಟೆ ನೋಡಿದ್ರೆ ಗೊತ್ತಾಗಲ್ವಾ ಬನ್ನು ಎಲ್ಲಿ ಹೋಯ್ತು ಅಂತ" ಎಂದೆ. ಎಲ್ಲರೂ ನಕ್ಕರು. ನೀನೂ ನಕ್ಕೆ. ಆ ಹೆಸರು ನಿನಗೆ ಅಂಟಿದ್ದು ಅವತ್ತು. ಮುದ್ದಿನ ಹೆಸರು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಆ ಸಂಜೆ ಅಂಗಡಿ ಮುಚ್ಚುವಾಗ ಟ್ರೇ ಸಿಕ್ಕಿತು. ಹಿಟ್ಟಿನ ಚೀಲಗಳ ಮೇಲೆ, ಒದ್ದೆ ಬಟ್ಟೆ ಮುಚ್ಚಿ, ನಾನೇ ಇಟ್ಟು ಮರೆತಿದ್ದೆ. ನಿನಗೆ ಹೇಳಲಿಲ್ಲ. ಅಮ್ಮನಿಗೂ ಹೇಳಲಿಲ್ಲ. ಮೇಡಂ ಕದ್ದು ತಿಂದೆ ಎಂದಾಗ ನೀನು ಒಂದೊಂದು ಸಾಲು ಓದಿ ಹೇಳಿದೆ, ಆದರೆ ನನ್ನೆದುರು ಅವತ್ತು ಓದಿ ಹೇಳಲು ನಿನ್ನ ಹತ್ತಿರ ಏನೂ ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಅದನ್ನು ಕೂಡಿಸಲು ನನಗೆ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುವುದನ್ನು ನಿನ್ನಿಂದ ಕಲಿತಿದ್ದೇನೆ, ಅಷ್ಟು ಮಾಡುತ್ತೇನೆ. ಆ ಟ್ರೇಯಲ್ಲಿ ಹನ್ನೆರಡು ಬನ್ನೂ ಇದ್ದವು, ಮಗಳೇ. ಒಂದೂ ಕಡಿಮೆ ಇರಲಿಲ್ಲ.